ಜಾನ್ ಬಾಯರ್ ಬಿಡಿಸಿದ ಕಾಡು ಎಲ್ಲಿಯದು?

ಸ್ವೀಡನ್ನಿನ ಕಲಾವಿದ ಜಾನ್ ಬಾಯರ್ ಮಕ್ಕಳ ಕಥೆಗಳಿಗೆ ಬಿಡಿಸಿದ ಚಿತ್ರಗಳಲ್ಲಿ ಬರೋ ಆ ಕತ್ತಲೆ ಕಾಡು ಪೂರ್ತಿ ಕಲ್ಪನೆನಾ ಅಂತ ಕೇಳಿದ್ರಲ್ಲ, ಇಲ್ಲ ರೀ, ಅದು ಅವರ ಊರಿನ ಕಾಡೇ. ಹುಟ್ಟಿದ್ದು 1882ರಲ್ಲಿ, ಸ್ವೀಡನ್ನಿನ ಯೋನ್‌ಶೋಪಿಂಗ್‌ನಲ್ಲಿ, ಸುತ್ತಮುತ್ತ ಸ್ಮೋಲಾಂಡ್ ಸೀಮೆಯ ಪಾಚಿ ಹಿಡಿದ ಬಂಡೆ, ಎತ್ತರದ ಸ್ಪ್ರೂಸ್ ಮರ, ಕಪ್ಪು ನೀರಿನ ಸಣ್ಣ ಕೆರೆಗಳು, ಅದನ್ನೆಲ್ಲ ಚಿಕ್ಕಂದಿನಿಂದ ನೋಡ್ಕೊಂಡು ಬೆಳೆದವರು. ಅವರ ಟ್ರೋಲ್‌ಗಳನ್ನ, ಅಂದ್ರೆ ಆ ದೊಡ್ಡ ಮೂಗಿನ ಕಾಡುರಾಕ್ಷಸರನ್ನ, ಒಂದ್ಸಲ ಝೂಮ್ ಮಾಡಿ ನೋಡಿ, ಮೈಯೆಲ್ಲ ಪಾಚಿ ಬಂಡೆ ಥರಾನೇ ಇರುತ್ತೆ, ಎಲ್ಲಿ ಕಲ್ಲು ಮುಗಿದು ಎಲ್ಲಿ ಟ್ರೋಲ್ ಶುರುವಾಯ್ತು ಅಂತಾನೇ ಗೊತ್ತಾಗಲ್ಲ, ನನಗೆ ಅದೇ ತುಂಬಾ ಇಷ್ಟ.

ಚಿತ್ರಗಳಲ್ಲಿರೋ ಬಟ್ಟೆ, ಬೆಲ್ಟು, ಚಾಕು ಇವೆಲ್ಲ ಬೇರೆ ಕಡೆಯಿಂದ ಬಂದಿದ್ದು. 1904ರಲ್ಲಿ ಉತ್ತರದ ಲ್ಯಾಪ್‌ಲ್ಯಾಂಡ್‌ಗೆ ಹೋಗಿ ಅಲ್ಲಿನ ಮೂಲನಿವಾಸಿ ಸಾಮಿ ಜನರ ಉಡುಪು, ಸಾಮಾನುಗಳನ್ನ ಸ್ಕೆಚ್ ಮಾಡ್ಕೊಂಡು ಬಂದಿದ್ರು. ಆಮೇಲೆ ಇಟಲಿಗೂ ಹೋದ್ರು, ಅಲ್ಲಿನ ಹಳೇ ಚಿತ್ರಕಲೆ ಪ್ರಭಾವಾನೂ ಇದೆ. ರಾಜಕುಮಾರಿಯರಿಗೆ ಹೆಂಡತಿ ಎಸ್ತೆರ್ ಅವರೇ ಮಾಡೆಲ್, ಅವರೂ ಕಲಾವಿದೆ.

ನೀವು ಮೊದಲು 1913ರ ಟೂವ್‌ಸ್ಟಾರ್ ಅನ್ನೋ ರಾಜಕುಮಾರಿಯ ಚಿತ್ರ ನೋಡಿ, ಕಪ್ಪು ನೀರಿನ ದಡದಲ್ಲಿ ಬೆಳ್ಳಗೆ ಒಂದು ಪುಟ್ಟ ಹುಡುಗಿ ಒಬ್ಳೇ ಕೂತಿರ್ತಾಳೆ, ಸುತ್ತ ಬರೀ ಮರ. ಯೋನ್‌ಶೋಪಿಂಗ್ ಮ್ಯೂಸಿಯಂನಲ್ಲಿ ಅವರ ಕೃತಿಗಳ ದೊಡ್ಡ ಸಂಗ್ರಹ ಇದೆ. 1918ರಲ್ಲಿ ಅದೇ ಊರಿಗೆ ಹೊಂದಿಕೊಂಡಿರೋ ವೆಟ್ಟರ್ನ್ ಸರೋವರದಲ್ಲಿ ಹಡಗು ಮುಳುಗಿ ಹೆಂಡತಿ, ಮಗು ಸಮೇತ ತೀರ್ಕೊಂಡ್ರು, ಬರೀ 36 ವರ್ಷಕ್ಕೆ.