ಕಾರಿನೊಳಗೆ ಪೆಟ್ರೋಲ್ ವಾಸನೆ: ಮೊದಲು ‘ಯಾವಾಗ’ ಅಂತ ಹೇಳಿ

ಪ್ರಶ್ನೆ: ನಮ್ಮದು 2013ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಟ್ಯಾಂಕ್ ಫುಲ್ ಮಾಡಿಸಿದ ದಿನ ಒಳಗೆ ಕೂರಲಾಗದಷ್ಟು ವಾಸನೆ. ದೇವಿಮನೆ ಘಾಟಿ ಹತ್ತುವಾಗಂತೂ ಹಿಂದೆ ಕೂತ ಮಕ್ಕಳಿಗೆ ವಾಂತಿ. ನೂರಿನ್ನೂರು ಕಿಲೋಮೀಟರ್ ಓಡಿಸಿದ ಮೇಲೆ ತಾನಾಗಿ ಹೋಗುತ್ತದೆ. ಗ್ಯಾರೇಜಿನಲ್ಲಿ ಟ್ಯಾಂಕಿನ ಮುಚ್ಚಳ ಬದಲಿಸಿದರು, ಇಂಜೆಕ್ಟರ್ (ಇಂಜಿನ್‌ಗೆ ಪೆಟ್ರೋಲ್ ಚಿಮುಕಿಸುವ ಭಾಗ) ಕ್ಲೀನ್ ಮಾಡಿದರು, ಕೊನೆಗೆ ಡ್ಯಾಶ್‌ಬೋರ್ಡ್ ಮೇಲೆ ಒಂದು ಪರ್ಫ್ಯೂಮ್ ಡಬ್ಬಿ ಇಟ್ಟು ಕಳಿಸಿದರು. ಹೋದ ವರ್ಷ ಪೆಟ್ರೋಲ್ ಪಂಪ್ ಬದಲಿಸಿದ್ದು ಬಿಟ್ಟರೆ ದೊಡ್ಡ ರಿಪೇರಿ ಏನೂ ಆಗಿಲ್ಲ.
– ಓದುಗರು, ಶಿರಸಿ

ಉತ್ತರ: ಮೊದಲು ಆ ಪರ್ಫ್ಯೂಮ್ ಡಬ್ಬಿ ತೆಗೆದು ಹೊರಗಿಡಿ. ಈಗ ನಿಮ್ಮ ಹತ್ತಿರ ಇರುವ ಒಳ್ಳೆ ಮೀಟರ್ ಅಂದ್ರೆ ನಿಮ್ಮ ಮೂಗು, ಅದನ್ನೇ ಮುಚ್ಚಿಬಿಟ್ಟರೆ ಹೇಗೆ?

‘ಬಿಟ್ಟರೆ’ ಅಂತ ಬರೆದು ಪಕ್ಕಕ್ಕೆ ತಳ್ಳಿದ್ದೀರಲ್ಲ, ನನಗೆ ಅನುಮಾನ ಇರುವುದು ಅದರ ಮೇಲೆಯೇ. ಈಗಿನ ಪೆಟ್ರೋಲ್ ಕಾರುಗಳಲ್ಲಿ ಪಂಪ್ ಇರುವುದು ಟ್ಯಾಂಕಿನ ಒಳಗೆ. ಟ್ಯಾಂಕಿನ ತಲೆಯ ಮೇಲೆ ಒಂದು ದೊಡ್ಡ ತೂತು, ಅದರೊಳಗೆ ಪಂಪ್ ಇಳಿಬಿಟ್ಟು, ಸುತ್ತ ರಬ್ಬರ್ ರಿಂಗ್ ಹಾಕಿ ಮೇಲಿಂದ ಬಿಗಿದಿರುತ್ತಾರೆ. ಪಂಪ್ ಬಿಚ್ಚಿದಾಗ ಈ ರಿಂಗ್ ಹೊಸದು ಹಾಕಲೇಬೇಕು. ಹಳೆಯದು ಪೆಟ್ರೋಲ್ ಕುಡಿದು ಊದಿರುತ್ತದೆ, ಮತ್ತೆ ಅದೇ ಜಾಗದಲ್ಲಿ ಕೂರಿಸಿದರೆ ಎಲ್ಲೋ ಒಂದು ಕಡೆ ಮಡಚಿಕೊಳ್ಳುತ್ತದೆ. ರಿಂಗಿನ ಬೆಲೆ ಪಂಪಿನ ಬೆಲೆಯ ಮುಂದೆ ಏನೂ ಅಲ್ಲ, ಆದರೂ ಹಳೆಯದನ್ನೇ ಒರೆಸಿ ಹಾಕುವವರು ಬಹಳ ಜನ.

ನೀವು ಹೇಳಿದ ಹೊತ್ತಿಗೂ ಇದು ಸರಿಹೊಂದುತ್ತದೆ. ಟ್ಯಾಂಕ್ ತುಂಬಿದಾಗ ಪೆಟ್ರೋಲ್ ಆ ರಿಂಗಿನ ತನಕ ಬರುತ್ತದೆ, ಘಾಟಿ ತಿರುವುಗಳಲ್ಲಿ ತುಳುಕಿ ಸಂದಿಯಿಂದ ಒಸರುತ್ತದೆ. ಕಾಲು ಭಾಗ ಖಾಲಿಯಾದರೆ ಅಲ್ಲಿಗೆ ಮುಟ್ಟುವುದೇ ಇಲ್ಲ, ವಾಸನೆ ನಿಂತಿತು. ಪಂಪಿನಿಂದ ಇಂಜಿನ್‌ಗೆ ಹೋಗುವ ಪೈಪಿನ ಜೋಡಣೆ ಸೋರುತ್ತಿದ್ದರೆ ಹೀಗಾಗುತ್ತಿರಲಿಲ್ಲ. ಆ ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ ಇರುತ್ತದೆ, ಟ್ಯಾಂಕ್ ಎಷ್ಟೇ ಇರಲಿ ಇಂಜಿನ್ ಓಡುವಷ್ಟು ಹೊತ್ತೂ ಸೋರುತ್ತದೆ.

ನೋಡುವುದು ಹೇಗೆ? ಫುಲ್ ಮಾಡಿಸಿ ಹತ್ತಿಪ್ಪತ್ತು ಕಿಲೋಮೀಟರ್ ಓಡಿಸಿ, ಬಯಲಲ್ಲಿ ನಿಲ್ಲಿಸಿ ಬಾಗಿಲೆಲ್ಲ ತೆರೆದಿಟ್ಟು, ಗಾಳಿಯಾಡಿದ ಮೇಲೆ ಹಿಂದಿನ ಸೀಟಿನ ಕೂರುವ ಭಾಗ ಎತ್ತಿ. ಬಹಳಷ್ಟು ಕಾರುಗಳಲ್ಲಿ ಅಲ್ಲಿ ತಟ್ಟೆಯಂಥ ಒಂದು ಮುಚ್ಚಳ ಇರುತ್ತದೆ (ಇಲ್ಲದಿದ್ದರೆ ಟ್ಯಾಂಕನ್ನೇ ಇಳಿಸಬೇಕು, ಅದು ಗ್ಯಾರೇಜಿನ ಕೆಲಸ). ಅದನ್ನು ತೆಗೆದು ನೋಡಿ. ಪಂಪಿನ ಸುತ್ತ ಧೂಳು ಒಣಗಿದ್ದರೆ ಸರಿ, ಒಂದು ಕಡೆ ಮಾತ್ರ ಕಪ್ಪಗೆ ಒದ್ದೆಯಾಗಿದ್ದರೆ ಕಳ್ಳ ಸಿಕ್ಕಿದ. ಒದ್ದೆ ಕಂಡರೆ ಇನ್ನೇನೂ ಮುಟ್ಟದೆ ಮುಚ್ಚಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗೆ ಬಂದ ಮೇಲೆ ರಿಂಗ್ ಬದಲಿಸಲು ಹೇಳಿ. ಬಿಚ್ಚುವ ಮೊದಲು ಪಂಪಿನ ಫ್ಯೂಸ್ ತೆಗೆದು ಇಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿ ಒತ್ತಡ ಇಳಿಸಬೇಕು, ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಬೇಕು. ತಟ್ಟೆಯಂಥ ಮುಚ್ಚಳದ ಅಂಚಿನ ಅಂಟೂ ಮುಖ್ಯ, ಅದು ಹರಿದಿದ್ದರೆ ಕೆಳಗಿನ ಆವಿಯೆಲ್ಲ ನೇರ ಸೀಟಿನಡಿಗೆ ಬರುತ್ತದೆ.

ರಿಂಗ್ ಸರಿಯಿದ್ದರೆ ಮುಂದೆ ನೋಡಬೇಕಾದ್ದು ಪೆಟ್ರೋಲ್ ತುಂಬುವ ಕೊಳವೆಯ ರಬ್ಬರ್ ಹೋಸ್. ಅದು ಬಿರುಕು ಬಿಟ್ಟಿದ್ದರೂ ಫುಲ್ ಮಾಡಿದಾಗಲೇ ವಾಸನೆ ಬರುತ್ತದೆ.

ಇನ್ನೊಂದು. ಬಂಕಿನಲ್ಲಿ ಗನ್ ಟಕ್ ಅಂತ ಕಟ್ ಆದ ಮೇಲೆ ‘ರೌಂಡ್ ಫಿಗರ್ ಮಾಡಿ’ ಅಂತೀರಾ? ಟ್ಯಾಂಕಿನ ಆವಿಯನ್ನು ಹಿಡಿದಿಡಲು ಇದ್ದಿಲು ತುಂಬಿದ ಕ್ಯಾನಿಸ್ಟರ್ ಇರುತ್ತದೆ. ಅದು ಆವಿಗೆ ಅಂತ ಇರುವುದು, ಕುತ್ತಿಗೆ ತನಕ ತುಂಬಿಸಿದರೆ ಪೆಟ್ರೋಲೇ ಅದರೊಳಗೆ ಹೋಗುತ್ತದೆ. ಒಮ್ಮೆ ನೆನೆದು ಕೆಟ್ಟರೆ ಬದಲಿಸಬೇಕಾಗಬಹುದು. ಮೂವತ್ತು ರೂಪಾಯಿ ರೌಂಡ್ ಮಾಡಲು ಹೋಗಿ ಯಾಕೆ ಅಲ್ವಾ?

ಮೇಲೆ ಹೇಳಿದಂತೆ ಒಮ್ಮೆ ನೋಡುವುದಕ್ಕೆ ಬಿಟ್ಟರೆ, ರಿಪೇರಿ ಆಗುವ ತನಕ ಫುಲ್ ಮಾಡಿಸಬೇಡಿ. ಮಕ್ಕಳನ್ನು ಆ ಕಾರಿನಲ್ಲಿ ಕೂರಿಸಬೇಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ಹೊರಗೆ ಹೋಗದೆ ಕಾಲಡಿಯಲ್ಲೇ ಕೂರುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಸೇರಿದರೂ ಒಂದು ಕಿಡಿ ಸಾಕು.

ಪ್ರಶ್ನೆ: ಬೆಳಿಗ್ಗೆ ಸ್ಟಾರ್ಟ್ ಮಾಡಿದ ಐದು ನಿಮಿಷ ಮಾತ್ರ ಏಸಿ ಗಾಳಿಯಲ್ಲಿ ಪೆಟ್ರೋಲ್ ವಾಸನೆ. ಆಮೇಲೆ ಇಲ್ಲ. ಬಿಡಬಹುದಾ?
– ಓದುಗರು, ಮಂಗಳೂರು

ಉತ್ತರ: ಬಿಡಬೇಡಿ. ಇದು ಮುಂದಿನ ಕಡೆಯದು. ಹೊರಗಿನ ಗಾಳಿ ಒಳಗೆ ಬರುವ ದಾರಿ ಗಾಜಿನ ಬುಡದಲ್ಲಿ, ಬಾನೆಟ್ ಹಿಂದೆಯೇ ಇದೆ, ಹಾಗಾಗಿ ಇಂಜಿನ್ ಹತ್ತಿರ ಹನಿ ಸೋರಿದರೂ ಏಸಿಯಲ್ಲಿ ಗೊತ್ತಾಗುತ್ತದೆ. ಏಸಿಯನ್ನು ಒಳಗಿನ ಗಾಳಿಗೆ ಹಾಕಿ ನೋಡಿ. ವಾಸನೆ ಕಮ್ಮಿಯಾದರೆ ಅನುಮಾನವೇ ಬೇಡ. ತಣ್ಣಗಿದ್ದಾಗ ಇಂಜೆಕ್ಟರಿನ ಗಟ್ಟಿಯಾದ ಓ-ರಿಂಗ್ ಸೋರಿ, ಬಿಸಿಯಾದ ಮೇಲೆ ಹಿಗ್ಗಿ ತಾನೇ ಮುಚ್ಚಿಕೊಳ್ಳುವುದುಂಟು. ಹಾಗಂತ ವಾಸಿಯಾಯಿತು ಅಂತಲ್ಲ, ಸೋರುವ ಜಾಗದ ಪಕ್ಕದಲ್ಲೇ ಇಂಜಿನ್ ಕಾದಿರುತ್ತದೆ. ಬಾನೆಟ್ ಅಡಿ ಇಲಿ ಹಿಕ್ಕೆ ಏನಾದ್ರೂ ಕಂಡರೆ ಪೈಪುಗಳ ಉದ್ದಕ್ಕೂ ಹಲ್ಲಿನ ಗುರುತು ಹುಡುಕಿ. ಪೈಪ್ ಬದಲಿಸುವಾಗ ಅಂಗಡಿಯವರು ಕೊಡುವ ಯಾವುದೋ ರಬ್ಬರ್ ಟ್ಯೂಬ್ ಬೇಡ, ಇಂಜೆಕ್ಷನ್ ಗಾಡಿಯ ಒತ್ತಡ ತಡೆಯುವ ಹೋಸ್ ಅಂತಲೇ ಕೇಳಿ ತನ್ನಿ.

ಪ್ರಶ್ನೆ: ಇದಕ್ಕೆಲ್ಲ ಇ20 ಪೆಟ್ರೋಲೇ ಕಾರಣ ಅಂತಾರೆ. ನಿಜವಾ?
– ಓದುಗರು, ದಾವಣಗೆರೆ

ಉತ್ತರ: ಅರ್ಧ ನಿಜ. ನೂರಕ್ಕೆ 20 ಪಾಲು ಎಥನಾಲ್ ಇರುವ ಈ ಪೆಟ್ರೋಲಿಗೆ ಚಾಲನೆ ಸಿಕ್ಕಿದ್ದೇ ನಮ್ಮ ಬೆಂಗಳೂರಿನಲ್ಲಿ, 2023ರ ಫೆಬ್ರವರಿಯಲ್ಲಿ. ಅದಕ್ಕಿಂತ ಬಹಳ ಹಿಂದಿನ ಕಾರುಗಳ ಕೆಲವು ರಬ್ಬರುಗಳು ಎಥನಾಲಿಗೆ ಅಂತ ಮಾಡಿದ್ದಲ್ಲ, ಬೇಗ ಊದಬಹುದು, ಬಿರಿಯಬಹುದು. ಆದರೆ ಹನ್ನೆರಡು ವರ್ಷದ ರಬ್ಬರ್ ಯಾವ ಪೆಟ್ರೋಲಿದ್ದರೂ ಮುದಿಯಾಗಿರುತ್ತದೆ. ಬಂಕಿಗೆ ಬೈಯುವುದು ಆಮೇಲೆ, ಮೊದಲು ಹೋಸ್ ನೋಡಿ.

ಪ್ರಶ್ನೆ: ಡಿಕ್ಕಿಯಲ್ಲಿಟ್ಟ ಕ್ಯಾನಿನಿಂದ ಪೆಟ್ರೋಲ್ ಚೆಲ್ಲಿ ವಾರವಾಯಿತು. ವಾಸನೆ ಹೋಗುತ್ತಿಲ್ಲ.
– ಓದುಗರು, ಹಾಸನ

ಉತ್ತರ: ಮೇಲಿನ ಕಾರ್ಪೆಟ್ ಒಣಗಿರುತ್ತದೆ, ಅದರಡಿಯ ದಪ್ಪ ಫೆಲ್ಟ್ ಒಣಗಿರುವುದಿಲ್ಲ. ಎರಡನ್ನೂ ಕಿತ್ತು ನೆರಳಲ್ಲಿ, ಗಾಳಿಗೆ ಎರಡು ಮೂರು ದಿನ ಹಾಕಿ. ಒಣಗಿದ ಮೇಲೆ ಅಡುಗೆ ಸೋಡಾ ಉದುರಿಸಿ ಒಂದು ರಾತ್ರಿ ಬಿಟ್ಟು ಕೊಡವಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ಮಾತ್ರ ಹಚ್ಚಬೇಡಿ, ಅದರ ಮೋಟರಿನಲ್ಲಿ ಕಿಡಿ ಹಾರುತ್ತದೆ. ಫೆಲ್ಟ್ ಇನ್ನೂ ನಾರುತ್ತಿದ್ದರೆ ಎಸೆದು ಹೊಸದು ಹಾಕಿಸಿ. ಕ್ಯಾನನ್ನೂ ಮನೆಯಲ್ಲೇ ಬಿಡಿ.