ರಾಜರು ಮುಳುಗಿದ ತಾರೀಖುಗಳಷ್ಟೇ ಸಾಲದು

ನಮಸ್ಕಾರ.

ಕ್ರಿ.ಶ. 300ರಿಂದ 1000ದವರೆಗೆ ಕ್ರೈಸ್ತ ಧರ್ಮ ಹರಡಿದ ಬಗೆಯನ್ನು ಕುರಿತ ನಿಮ್ಮ ಲೇಖನವನ್ನೂ ಅದರ ಜೊತೆಗಿದ್ದ ನಕ್ಷೆಯನ್ನೂ ಗಮನವಿಟ್ಟು ಓದಿದೆ. ಈಗಿರುವ ಹಾಗೆ ಇದನ್ನು ಪ್ರಕಟಿಸಲು ಆಗುವುದಿಲ್ಲ. ಆದರೆ ಇದರೊಳಗೆ ಒಂದು ಒಳ್ಳೆಯ ಲೇಖನ ಅಡಗಿದೆ. ಅದು ಹೊರಗೆ ಬರಲಿ ಅನ್ನುವ ಆಸೆಯಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನಿಮ್ಮ ನಕ್ಷೆಯಲ್ಲಿ ಬಾಣಗಳೆಲ್ಲ ರೋಮಿನಿಂದ ಹೊರಡುತ್ತವೆ. ಬಾಣ ಮುಟ್ಟಿದ ಕೂಡಲೇ ದೇಶಕ್ಕೆ ದೇಶವೇ ನೀಲಿಯಾಗುತ್ತದೆ, ಅಂದರೆ ಕ್ರೈಸ್ತವಾಗುತ್ತದೆ. ಫ್ರಾಂಕರ ರಾಜ ಕ್ಲೋವಿಸ್‌ಗೆ ದೀಕ್ಷಾಸ್ನಾನವಾಯಿತು, ಫ್ರಾನ್ಸ್ ನೀಲಿ. 597ರಲ್ಲಿ ರೋಮ್ ಕಳಿಸಿದ ಅಗಸ್ಟೀನ್ ಇಂಗ್ಲೆಂಡಿನ ಆಗ್ನೇಯದ ಕೆಂಟ್‌ಗೆ ಬಂದಿಳಿದ, ಇಂಗ್ಲೆಂಡ್ ನೀಲಿ. 966ರಲ್ಲಿ ಅಲ್ಲಿಯ ದೊರೆ ಮಿಯೆಷ್ಕೊ, ಪೋಲೆಂಡ್ ನೀಲಿ. 988ರಲ್ಲಿ ವ್ಲಾದಿಮಿರ್, ಕೀವ್ ನೀಲಿ. ತಾರೀಖುಗಳಲ್ಲಿ ತಪ್ಪಿಲ್ಲ. ಆದರೆ ರಾಜ ನೀರಿನಲ್ಲಿ ಮುಳುಗಿ ಎದ್ದ ದಿನ ಊರಿನ ಜನ ಏನು ನಂಬುತ್ತಿದ್ದರು? ಆ ಪ್ರಶ್ನೆಯನ್ನು ನಿಮ್ಮ ನಕ್ಷೆ ಕೇಳುವುದೇ ಇಲ್ಲ.

ಇಂಗ್ಲೆಂಡಿನ ಉತ್ತರ ಭಾಗದ ನಾರ್ತಂಬ್ರಿಯವನ್ನೇ ನೋಡಿ. 627ರ ಈಸ್ಟರ್ ದಿನ ಯಾರ್ಕ್‌ನಲ್ಲಿ ಅವಸರವಾಗಿ ಕಟ್ಟಿದ ಮರದ ಚರ್ಚಿನಲ್ಲಿ ರಾಜ ಎಡ್ವಿನ್‌ಗೆ ದೀಕ್ಷಾಸ್ನಾನವಾಯಿತು. ಆರು ವರ್ಷದ ನಂತರ ಅವನು ಯುದ್ಧದಲ್ಲಿ ಸತ್ತ. ಆಮೇಲೆ ರಾಜ್ಯ ಎರಡಾಯಿತು. ಪಟ್ಟಕ್ಕೆ ಬಂದ ಇಬ್ಬರಿಗೂ ಮೊದಲೇ ದೀಕ್ಷೆಯಾಗಿತ್ತು. ಇಬ್ಬರೂ ಹಳೆಯ ದೇವರುಗಳ ಕಡೆಗೇ ವಾಪಸ್ ಹೋದರು. ಬಿಷಪ್ ಪಾಲಿನಸ್ ರಾಣಿಯನ್ನು ಕರೆದುಕೊಂಡು ಹಡಗು ಹತ್ತಿ ಕೆಂಟ್‌ಗೆ ಹೋದ. ಅಲ್ಲೇ ಉಳಿದವನು ಜೇಮ್ಸ್ ಎಂಬ ಕಿರಿಯ ಪಾದ್ರಿ. ಕ್ಯಾಟರಿಕ್ ಹತ್ತಿರದ ಹಳ್ಳಿಯೊಂದರಲ್ಲಿ ನೆಲೆಸಿ, ದೀಕ್ಷೆ ಕೊಡುತ್ತಾ, ಮುಂದೆ ಚರ್ಚಿನ ಹಾಡು ಕಲಿಸುತ್ತಾ ಮುದುಕನಾದ. ಇದನ್ನು ಬರೆದಿಟ್ಟವನು ಮುಂದಿನ ಶತಮಾನದ ಇಂಗ್ಲಿಷ್ ಸನ್ಯಾಸಿ, ಇತಿಹಾಸಕಾರ ಬೀಡ್. ಮುಂದಿನ ರಾಜ ಓಸ್ವಾಲ್ಡ್ ಪಾದ್ರಿಯನ್ನು ಕೇಳಿದ್ದು ರೋಮನ್ನಲ್ಲ, ತಾನು ಗಡೀಪಾರಾಗಿದ್ದಾಗ ಧರ್ಮ ಕಲಿತ ಐರಿಶ್ ಸನ್ಯಾಸಿಗಳ ಬಳಗವನ್ನು. ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಅಯೋನ ದ್ವೀಪದಲ್ಲಿದ್ದ ಅವರ ಮಠದಿಂದ ಏಡನ್ ಎಂಬ ಸನ್ಯಾಸಿ ಬಂದ. ಅವನಿಗೆ ಅಲ್ಲಿಯ ಭಾಷೆ ಸರಿಯಾಗಿ ಬರುತ್ತಿರಲಿಲ್ಲ. ಉಪದೇಶ ಅವನದು, ಪಕ್ಕದಲ್ಲಿ ನಿಂತು ಅರ್ಥ ಹೇಳುತ್ತಿದ್ದವನು ಸ್ವತಃ ರಾಜ!

ಈ ಎಂಟೇ ವರ್ಷದಲ್ಲಿ ನಿಮ್ಮ ನೀಲಿ ಬಣ್ಣ ಒಮ್ಮೆ ಬಂದು, ಅಳಿಸಿ, ಬೇರೆ ದಿಕ್ಕಿನಿಂದ ಮತ್ತೆ ಬರಬೇಕಿತ್ತು. ಜೇಮ್ಸ್ ಇದ್ದ ಹಳ್ಳಿ ಮಾತ್ರ ಆ ಕಾಲದಲ್ಲೂ ನೀಲಿಯಾಗಿಯೇ ಇರಬೇಕಿತ್ತು.

ನಿಮ್ಮ ಲೇಖನದಲ್ಲಿ ನನಗೆ ಬಹಳ ಹಿಡಿಸಿದ ಸಾಲು ಅಡಿಟಿಪ್ಪಣಿಯಲ್ಲಿ ಕೂತಿದೆ. ಈಸ್ಟ್ ಆಂಗ್ಲಿಯದ ರಾಜ ರೆಡ್ವಾಲ್ಡ್ ಕೆಂಟ್‌ನಲ್ಲಿ ದೀಕ್ಷೆ ಪಡೆದು ಮನೆಗೆ ಬಂದ. ಹೆಂಡತಿ ಮತ್ತು ಹಿತೈಷಿಗಳು ಅವನ ಮನಸ್ಸು ತಿರುಗಿಸಿದರು. ಕೊನೆಗೆ ಒಂದೇ ಗುಡಿಯಲ್ಲಿ ಕ್ರಿಸ್ತನಿಗೊಂದು ಪೀಠ, ಹಳೆಯ ದೇವರುಗಳ ಬಲಿಗೆ ಇನ್ನೊಂದು ಚಿಕ್ಕ ಪೀಠ ಇಟ್ಟುಕೊಂಡ. ಇಂಥದ್ದನ್ನು ಯಾರಾದರೂ ಅಡಿಟಿಪ್ಪಣಿಗೆ ತಳ್ಳುತ್ತಾರಾ? ಮೇಲಕ್ಕೆ ತನ್ನಿ. ಡೆನ್ಮಾರ್ಕಿನಲ್ಲಿ ಸಿಕ್ಕಿರುವ 10ನೇ ಶತಮಾನದ ಬಳಪದ ಕಲ್ಲಿನ ಅಚ್ಚನ್ನೂ ಅದರ ಜೊತೆ ಇಡಿ. ಒಂದೇ ಕಲ್ಲಿನಲ್ಲಿ ಶಿಲುಬೆಯ ಪದಕಕ್ಕೂ ಥಾರ್ ದೇವರ ಸುತ್ತಿಗೆಯ ಪದಕಕ್ಕೂ ಗುಳಿ ಕೊರೆದಿದ್ದಾರೆ. ಗಿರಾಕಿ ಕೇಳಿದ್ದನ್ನು ಅಕ್ಕಸಾಲಿ ಎರಕ ಹೊಯ್ದು ಕೊಡುತ್ತಿದ್ದ ಅಂತ ಕಾಣುತ್ತದೆ. ಈ ಗುಡಿಗೆ, ಈ ಅಂಗಡಿಗೆ ನಿಮ್ಮ ನಕ್ಷೆಯಲ್ಲಿ ಯಾವ ಬಣ್ಣ? ಲೇಖನ ಇಲ್ಲಿಂದ ಶುರುವಾಗಲಿ.

ಒಂದು ವಾಕ್ಯವನ್ನು ದಯವಿಟ್ಟು ತೆಗೆಯಿರಿ. '785ರಲ್ಲಿ ಸ್ಯಾಕ್ಸನ್ನರು ಹೊಸ ಬೆಳಕನ್ನು ಸಂತೋಷದಿಂದ ಬರಮಾಡಿಕೊಂಡರು' ಎಂದು ಬರೆದಿದ್ದೀರಿ. ಇಂದಿನ ಉತ್ತರ ಜರ್ಮನಿಯಲ್ಲಿದ್ದ ಆ ಜನರ ನಾಯಕ ವಿಡುಕಿಂಡ್ ಆ ವರ್ಷ ದೀಕ್ಷೆ ಪಡೆದದ್ದು ನಿಜ. ಆದರೆ ಫ್ರಾಂಕರ ರಾಜ ಶಾರ್ಲಮೇನ್ ಅವರ ಮೇಲೆ 772ರಿಂದ 804ರವರೆಗೆ ಯುದ್ಧ ನಡೆಸಿದ್ದ. 782ರಲ್ಲಿ ವೆರ್ಡನ್‌ನಲ್ಲಿ ಒಂದೇ ದಿನ 4,500 ಜನರ ತಲೆ ಕಡಿಸಿದ ಎಂದು ಫ್ರಾಂಕರ ದಾಖಲೆಯೇ ಹೇಳುತ್ತದೆ. ದೀಕ್ಷೆ ಬೇಡವೆಂದು ತಪ್ಪಿಸಿಕೊಂಡವರಿಗೆ ಮರಣದಂಡನೆ, ಹಳೆಯ ಪದ್ಧತಿಯಂತೆ ಹೆಣ ಸುಟ್ಟವರಿಗೂ ಮರಣದಂಡನೆ ಅಂತ ಕಾನೂನಿತ್ತು. ಸತ್ತವರಿಗೆ ನಿಮ್ಮ ವಾಕ್ಯ ಅನ್ಯಾಯ ಮಾಡುತ್ತದೆ. ಶಾರ್ಲಮೇನ್‌ನ ಆಪ್ತ ವಿದ್ವಾಂಸ ಆಲ್ಕುಯಿನ್ ಕೂಡ ಬಲವಂತದಿಂದ ನಂಬಿಕೆ ಹುಟ್ಟುವುದಿಲ್ಲ ಅಂತ ಆಗಲೇ ಆಕ್ಷೇಪ ಎತ್ತಿದ್ದ.

ಇನ್ನು ನಕ್ಷೆ ಜೆರುಸಲೇಮಿಗೇ ನಿಂತುಬಿಟ್ಟಿದೆ. ಅದರಾಚೆ ಬರೀ ಖಾಲಿ ಕಾಗದ. ಮಧ್ಯ ಏಷ್ಯದ ಮರ್ವ್ ನಗರದಲ್ಲಿ ಬಿಷಪ್ ಇದ್ದ. ಇಂದಿನ ಇಥಿಯೋಪಿಯದಲ್ಲಿದ್ದ ಅಕ್ಸುಮಿನ ರಾಜ ಎಜಾನ 4ನೇ ಶತಮಾನದಲ್ಲೇ ನಾಣ್ಯದ ಮೇಲಿನ ಚಂದ್ರನನ್ನು ತೆಗೆಸಿ ಶಿಲುಬೆ ಹಾಕಿಸಿದ. ಈಜಿಪ್ಟಿನ ದಕ್ಷಿಣಕ್ಕಿದ್ದ ನೂಬಿಯದ ರಾಜ್ಯಗಳು 6ನೇ ಶತಮಾನದಲ್ಲಿ ಕ್ರೈಸ್ತವಾದವು. ನಮ್ಮ ಪಕ್ಕದ ಕೊಲ್ಲಂನಲ್ಲಿ ಒಂದು ಚರ್ಚಿಗೆ ಕೊಟ್ಟ 849ರ ತಾಮ್ರಶಾಸನದಲ್ಲಿ ಸಾಕ್ಷಿಗಳು ಅರಬ್ಬಿ, ಪಹ್ಲವಿ, ಹೀಬ್ರೂ ಲಿಪಿಗಳಲ್ಲಿ ಸಹಿ ಹಾಕಿದ್ದಾರೆ. ಕನ್ನಡದ ಓದುಗರಿಗೆ ಬರೆಯುವಾಗ ಕೊಲ್ಲಂ ಬಿಟ್ಟುಹೋದರೆ ಹೇಗೆ?

ಹಿಂದೆ ಸರಿದದ್ದನ್ನೂ ತೋರಿಸಬೇಕು. 411ರಲ್ಲಿ ಕಾರ್ತೇಜಿನ ಸಭೆಗೆ ಉತ್ತರ ಆಫ್ರಿಕದ ಎರಡು ಬಣಗಳಿಂದ 500ಕ್ಕೂ ಜಾಸ್ತಿ ಬಿಷಪ್‌ಗಳು ಬಂದಿದ್ದರು. 1053ರಲ್ಲಿ ಪೋಪ್ ಒಂಬತ್ತನೇ ಲಿಯೊ ಅಲ್ಲಿ ಐದೇ ಬಿಷಪ್‌ಗಳು ಉಳಿದಿದ್ದಾರೆ ಅಂತ ಪತ್ರದಲ್ಲಿ ನೊಂದುಕೊಂಡ. ನಿಮ್ಮ ನಕ್ಷೆಯಲ್ಲಿ ಆ ಕರಾವಳಿ 1000ದಲ್ಲೂ ಗಾಢ ನೀಲಿ.

ಹಾಗಾದರೆ ಏನು ಮಾಡೋದು? ಬಣ್ಣ ತುಂಬುವುದನ್ನು ಬಿಟ್ಟು ಚುಕ್ಕಿ ಇಡಿ. ಧರ್ಮಸಭೆಗಳಲ್ಲಿ ಸಹಿ ಹಾಕಿದ ಬಿಷಪ್‌ಗಳ ಪಟ್ಟಿಗಳು ಸಿಗುತ್ತವೆ. ಅವರ ಊರುಗಳನ್ನು ಗುರುತಿಸಿ. ಆದರೆ ಚುಕ್ಕಿಯನ್ನೂ ಹಾಗೇ ನಂಬಬೇಡಿ. ಉತ್ತರ ಆಫ್ರಿಕದಲ್ಲಿ ಸಣ್ಣ ಸಣ್ಣ ಊರಿಗೂ ಒಬ್ಬ ಬಿಷಪ್ ಇರುತ್ತಿದ್ದ. 7ನೇ ಶತಮಾನದ ಇಂಗ್ಲೆಂಡಿನಲ್ಲಿ ಎಷ್ಟೋ ಸಲ ಇಡೀ ರಾಜ್ಯಕ್ಕೇ ಒಬ್ಬ. ಎರಡು ಕಡೆಯ ಚುಕ್ಕಿಗಳನ್ನು ಎಣಿಸಿ ಇಲ್ಲಿ ಜಾಸ್ತಿ, ಅಲ್ಲಿ ಕಡಿಮೆ ಅಂದರೆ ಲೆಕ್ಕ ತಪ್ಪುತ್ತದೆ. ಈ ಎಚ್ಚರಿಕೆಯನ್ನು ನಕ್ಷೆಯ ಕೆಳಗೇ ಬರೆಯಿರಿ.

ಏಳು ಶತಮಾನ ಒಂದು ಲೇಖನಕ್ಕೆ ತುಂಬಾ ಜಾಸ್ತಿ ಆಯ್ತು, ಅಲ್ವಾ? ನನ್ನ ಮಾತು ಕೇಳಿದರೆ 635 ಒಂದನ್ನೇ ಹಿಡಿಯಿರಿ. ಆ ವರ್ಷ ಏಡನ್ ನಾರ್ತಂಬ್ರಿಯದ ಕರಾವಳಿಯ ಲಿಂಡಿಸ್ಫಾರ್ನ್ ದ್ವೀಪದಲ್ಲಿ ಮಠ ಕಟ್ಟಿದ. ಅದೇ ವರ್ಷ ಅಲೊಪೆನ್ ಎಂಬ ಪಾದ್ರಿ ಚೀನದ ಛಾಂಗಾನ್ ತಲುಪಿ ಚಕ್ರವರ್ತಿಯ ಸ್ವಾಗತ ಪಡೆದ. ಅದನ್ನು ಅಲ್ಲಿಯ ಕ್ರೈಸ್ತರು 781ರಲ್ಲಿ ಕಲ್ಲಿನಲ್ಲಿ ಕೆತ್ತಿಸಿದರು, ಆ ಕಲ್ಲು ಇವತ್ತಿಗೂ ಇದೆ. ಅದೇ ಹೊತ್ತಿಗೆ ಅರಬ್ ಸೇನೆ ಸಿರಿಯದಲ್ಲಿ ಊರೂರು ಗೆಲ್ಲುತ್ತಿತ್ತು. ಏಡನ್ ಹೆಸರು ಅಲೊಪೆನ್‌ಗೆ ಗೊತ್ತಿರಲಿಲ್ಲ, ಇವನ ಹೆಸರು ಅವನಿಗೂ ಗೊತ್ತಿರಲಿಲ್ಲ. ಈ ಮೂರು ಜಾಗಗಳನ್ನು ಒಂದೇ ನಕ್ಷೆಯಲ್ಲಿ ಇಟ್ಟು ಬರೆಯಿರಿ. 1,500 ಪದ ಸಾಕು. 'ಕತ್ತಲಲ್ಲಿದ್ದ ಜನ', 'ಅನಾಗರಿಕ ಬುಡಕಟ್ಟುಗಳು' ಇಂಥ ಮಾತುಗಳು ಬೇಡ. ಪ್ರತಿ ಚುಕ್ಕಿಗೂ ಆಧಾರ ಏನು ಅನ್ನುವುದನ್ನು ಬೇರೆ ಹಾಳೆಯಲ್ಲಿ ಕಳಿಸಿ. ನಾನೇ ಕೂತು ನೋಡುತ್ತೇನೆ.