ತುರ್ತು ಗರ್ಭನಿರೋಧಕ ಮಾತ್ರೆ ತಗೊಂಡ ಮೇಲೆ ಮುಟ್ಟು ತಡವಾದರೆ?

ಮಾತ್ರೆ ತಗೊಂಡ ಐದನೇ ದಿನ ಸ್ವಲ್ಪ ರಕ್ತ ಕಾಣಿಸಿತು, ಅದು ಮುಟ್ಟೇನಾ, ಈಗ ತಾರೀಕು ದಾಟಿ ನಾಲ್ಕು ದಿನ ಆಗಿದೆ, ಗರ್ಭ ನಿಂತಿರಬಹುದಾ ಎಂದು ಕೇಳಿದ್ದೀರಿ. ನಾಲ್ಕು ದಿನ ತಡವಾದ ಮಾತ್ರಕ್ಕೆ ಹಾಗೆ ಅಂದುಕೊಳ್ಳಬೇಡಿ. ನಾನು ನರ್ಸ್. ಈ ಪ್ರಶ್ನೆಯನ್ನು ಎಷ್ಟೋ ಹೆಣ್ಣುಮಕ್ಕಳು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಮಾತ್ರೆ ಕೊಡುವಾಗಲೇ ಯಾರಾದರೂ ಇಷ್ಟು ಹೇಳಿದ್ದರೆ ಅವರ ಎಷ್ಟೋ ರಾತ್ರಿಗಳ ನಿದ್ದೆ ಉಳಿಯುತ್ತಿತ್ತು.

ಹೆಚ್ಚಿನವರು ತಗೊಳ್ಳುವುದು ಲೆವೊನಾರ್ಜೆಸ್ಟ್ರೆಲ್ 1.5 ಮಿಲಿಗ್ರಾಂ ಮಾತ್ರೆ. ಅದು ಮುಖ್ಯವಾಗಿ ಮಾಡುವ ಕೆಲಸ ಒಂದೇ: ಅಂಡಾಶಯದಿಂದ ಅಂಡ ಹೊರಬರುವುದನ್ನು ತಡೆಯುವುದು ಅಥವಾ ಮುಂದೂಡುವುದು. ಅಂಡ ಹೊರಬಂದ ಸುಮಾರು ಎರಡು ವಾರಕ್ಕೆ ಮುಟ್ಟು ಬರುತ್ತದೆ, ಅಲ್ವಾ? ಅಂಡವೇ ತಡವಾದರೆ ಮುಟ್ಟೂ ತಡ. ಕೆಲವರಿಗೆ ಉಲ್ಟಾ, ಬೇಗ ಬರುತ್ತದೆ. ಚಕ್ರದ ಶುರುವಿನಲ್ಲೇ ಮಾತ್ರೆ ತಗೊಂಡವರಲ್ಲಿ ಇದು ಜಾಸ್ತಿ. ಏನೇ ಆದರೂ ಬಹುತೇಕರಿಗೆ ಎಂದಿನ ತಾರೀಕಿನಿಂದ ಒಂದು ವಾರದ ಒಳಗೆ, ಹಿಂದೆಯೋ ಮುಂದೆಯೋ, ಬಂದುಬಿಡುತ್ತದೆ. ಉಲಿಪ್ರಿಸ್ಟಲ್ ಎಂಬ ಇನ್ನೊಂದು ಮಾತ್ರೆ ಇದೆ, ಅದನ್ನು ಸಂಬಂಧ ನಡೆದ 120 ಗಂಟೆಯವರೆಗೂ ತಗೊಳ್ಳಬಹುದು. ಅದರಲ್ಲಿ ಮುಟ್ಟು ಸಾಮಾನ್ಯವಾಗಿ ಎರಡು ಮೂರು ದಿನ ತಡವಾಗುತ್ತದೆ.

ಇನ್ನು ಐದನೇ ದಿನದ ಆ ರಕ್ತ. ಹೊರಗಿನಿಂದ ಬಂದ ಹಾರ್ಮೋನಿಗೆ ಗರ್ಭಕೋಶದ ಒಳಪದರ ಸ್ಪಂದಿಸಿದಾಗ ಹೀಗೆ ಸ್ವಲ್ಪ ಕಾಣಿಸಿಕೊಳ್ಳುತ್ತದೆ. ಅದು ಮುಟ್ಟಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಯಾಕೆಂದರೆ ಈ ರಕ್ತ ನೋಡಿ "ಸದ್ಯ, ಮುಗೀತು" ಎಂದು ಪರೀಕ್ಷೆಯನ್ನೇ ಮಾಡಿಕೊಳ್ಳದೆ ಬಿಡುವವರು ಇದ್ದಾರೆ. ರಕ್ತ ಕಾಣಲಿಲ್ಲ ಎಂದರೆ ಮಾತ್ರೆ ಕೆಲಸ ಮಾಡಿಲ್ಲ ಎಂದೂ ಅಲ್ಲ.

ಹಾಗಾಗಿ ಸುಮ್ನೆ ದಿನ ಎಣಿಸುತ್ತಾ ಕೂರಬೇಡಿ. ಮುಟ್ಟು ಒಂದು ವಾರಕ್ಕಿಂತ ತಡವಾದರೆ, ಇಲ್ಲವೇ ಬಂದದ್ದು ಎಂದಿಗಿಂತ ತೀರಾ ಕಡಿಮೆಯಿದ್ದರೆ, ಮೂತ್ರದ ಗರ್ಭ ಪರೀಕ್ಷೆ ಮಾಡಿಕೊಳ್ಳಿ. ಸಂಬಂಧ ನಡೆದು ಮೂರು ವಾರ ಆದ ಮೇಲೆ ಮಾಡಿದರೆ ಫಲಿತಾಂಶವನ್ನು ನಂಬಬಹುದು. ಒಂದು ವೇಳೆ ಗರ್ಭ ನಿಂತಿದ್ದರೂ ಈ ಮಾತ್ರೆಯಿಂದ ಮಗುವಿಗೆ ತೊಂದರೆಯಾಗುತ್ತದೆ ಎಂಬ ಭಯ ಬೇಡ. ಮುಂದೆ ಮಕ್ಕಳಾಗುವುದಕ್ಕೂ ಇದು ಅಡ್ಡಿಯಲ್ಲ.

ನೀವು ಕೇಳದ ಒಂದು ವಿಷಯ, ಆದರೆ ಹೇಳಲೇಬೇಕು. ಅಂಡ ಮುಂದಕ್ಕೆ ಹೋಗಿದೆ ಅಂದರೆ ಅದು ಆಮೇಲೆ ಹೊರಬರಬಹುದು. ಮಾತ್ರೆ ತಗೊಂಡ ನಂತರದ ಸಂಬಂಧಕ್ಕೆ ಅದರಿಂದ ರಕ್ಷಣೆ ಇಲ್ಲ. ಕಾಂಡೋಮ್ ಇರಲಿ. ಪದೇ ಪದೇ ಈ ಮಾತ್ರೆಯನ್ನೇ ನಂಬಿದರೆ ಜೀವಕ್ಕೆ ಅಪಾಯವೇನಿಲ್ಲ, ಆದರೆ ಮುಟ್ಟಿನ ಲೆಕ್ಕ ಪೂರ್ತಿ ತಪ್ಪುತ್ತದೆ, ಜೊತೆಗೆ ದಿನನಿತ್ಯದ ವಿಧಾನಗಳಷ್ಟು ಭರವಸೆಯೂ ಇದರಲ್ಲಿಲ್ಲ. ಫಿಟ್ಸ್‌ಗೆ ಕಾರ್ಬಮಜೆಪಿನ್, ಫೆನಿಟಾಯಿನ್ ಅಥವಾ ಟಿಬಿಗೆ ರಿಫಾಂಪಿಸಿನ್ ತಗೊಳ್ಳುತ್ತಿದ್ದರೆ ಡಾಕ್ಟರಿಗೆ ತಿಳಿಸಿ, ಅವು ಈ ಮಾತ್ರೆಯ ಬಲ ತಗ್ಗಿಸುತ್ತವೆ.

ಕೆಳಹೊಟ್ಟೆಯಲ್ಲಿ, ಅದರಲ್ಲೂ ಒಂದೇ ಪಕ್ಕದಲ್ಲಿ ಜೋರು ನೋವು ಬಂದರೆ ಅಥವಾ ತಲೆಸುತ್ತಿ ಬಿದ್ದರೆ ಕಾಯಬೇಡಿ. ಗರ್ಭವು ಗರ್ಭಕೋಶದ ಬದಲು ಅಂಡ ಸಾಗುವ ನಳಿಕೆಯಲ್ಲಿ ನಿಂತಿರುವ ಸಾಧ್ಯತೆ ಇರುತ್ತದೆ. ಅವತ್ತೇ ಆಸ್ಪತ್ರೆಗೆ ಹೋಗಿ, ಮಾತ್ರೆ ತಗೊಂಡದ್ದನ್ನು ಮುಚ್ಚಿಡದೆ ಹೇಳಿ.